ಹಿಂದೆ ಹಾರ್ನ್, ಮುಂದೆ ತಿರುವು: ಕೊಡಗಿನ ರಸ್ತೆಯಲ್ಲಿ ಸೈಕಲ್ ತುಳಿಯುವವರಿಗೆ

(ಕುಶಾಲನಗರದಲ್ಲಿ ಒಂದು ಭಾನುವಾರ ಸೇರಿದ್ದ ಸೈಕಲ್ ಸವಾರರ ಮುಂದೆ ಆಡಿದ ಮಾತುಗಳು. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಗೇರ್ ಸೈಕಲ್‌ನವರು ಹೆಲ್ಮೆಟ್ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೀರಿ. ಮಧ್ಯದಲ್ಲಿ ಕೂಡಿಗೆ, ಹೆಬ್ಬಾಲೆ ಕಡೆಯ ಕಾಲೇಜು ಮಕ್ಕಳು. ಹಿಂದೆ ಬಾಗಿಲ ಹತ್ತಿರ ಒಬ್ಬಿಬ್ಬರು ಡ್ರೈವರುಗಳೂ ಬಂದಿದ್ದಾರೆ. ಅವರು ಬಂದದ್ದು ನನಗೆ ತುಂಬಾ ಖುಷಿ. ಇವತ್ತು ಅವರನ್ನು ಬೈಯುವ ಕಾರ್ಯಕ್ರಮ ಅಂದುಕೊಂಡು ಬಂದಿದ್ದರೆ ಸ್ವಲ್ಪ ನಿರಾಸೆ ಆಗಬಹುದು.

ನನ್ನದು ತೋಟದಲ್ಲಿ ರೈಟರ್ ಕೆಲಸ, ಅಂದರೆ ಹಾಜರಿ, ಲೆಕ್ಕ ಬರೆಯುವುದು. ಸೈಕಲ್ ತುಳಿಯುತ್ತೇನೆ. ಕೊಯ್ಲಿನ ಸಮಯದಲ್ಲಿ ಡ್ರೈವರ್ ರಜೆ ಹಾಕಿದರೆ ತೋಟದ ಜೀಪನ್ನೂ ಓಡಿಸುತ್ತೇನೆ. ಹಾಗಾಗಿ ಸ್ಟೇರಿಂಗ್ ಹಿಂದೆ ಕೂತವನಿಗೆ ಸೈಕಲ್ ಹೇಗೆ ಕಾಣುತ್ತದೆ ಅನ್ನುವುದು ನನಗೆ ಗೊತ್ತು. ಎಷ್ಟೋ ಸಲ ಕಾಣುವುದೇ ಇಲ್ಲ ಅನ್ನುವುದೂ ಗೊತ್ತು.

ನಾನು ಹೇಳಬೇಕಾದದ್ದು ಒಂದೇ ವಿಷಯ, ಮೊದಲೇ ಹೇಳಿಬಿಡುತ್ತೇನೆ. ಡ್ರೈವರ್ ಜೊತೆ ನಮ್ಮ ಮಾತುಕತೆ ಅವನು ಹತ್ತಿರ ಬರುವ ಮೊದಲೇ ಮುಗಿದಿರಬೇಕು. ರಸ್ತೆಯಲ್ಲಿ ನಾವು ಎಲ್ಲಿದ್ದೇವೆ, ಎಷ್ಟು ದೂರದಿಂದ ಕಾಣುತ್ತೇವೆ, ಮುಂದೆ ಏನು ಮಾಡಲಿದ್ದೇವೆ ಅನ್ನುವುದೇ ಆ ಮಾತುಕತೆ. ಅವನು ಪಕ್ಕಕ್ಕೆ ಬಂದು ಗಾಜು ಇಳಿಸಿ ಬೈಯುವ ಹೊತ್ತಿಗೆ ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಆಗ ಗೆಲ್ಲುವಂಥದ್ದು ಏನೂ ಇರುವುದಿಲ್ಲ.

ಮೊದಲು, ಸಿಟ್ಟು ಮಾಡುವವರು ಯಾರು ಅಂತ ನೋಡೋಣ. ಎಲ್ಲ ಡ್ರೈವರುಗಳೂ ಒಂದೇ ಅಲ್ಲ.

ಲೈನ್ ಬಸ್ಸಿನವರನ್ನೇ ತಗೊಳ್ಳಿ. ಮಡಿಕೇರಿ, ಸುಂಟಿಕೊಪ್ಪ, ಸಿದ್ದಾಪುರ, ವಿರಾಜಪೇಟೆ ಕಡೆ ಓಡುವ ಖಾಸಗಿ ಬಸ್ಸುಗಳಿಗೆ ಟೈಮಿಂಗ್ ಅನ್ನುವುದೇ ಜೀವ. ಎರಡು ನಿಮಿಷ ತಡವಾದರೆ ಮುಂದಿನ ಸ್ಟಾಪಿನ ಜನ ಹಿಂದಿನ ಬಸ್ಸಿಗೆ ಹೋಗುತ್ತಾರೆ. ಅದರ ಮೇಲೆ ಏರು ಬೇರೆ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ., 300 ಮೀಟರಿಗೂ ಜಾಸ್ತಿ ಮೇಲೆ ಹತ್ತಬೇಕು. ತುಂಬಿದ ಬಸ್ಸು ಏರಿನಲ್ಲಿ ಒಮ್ಮೆ ವೇಗ ಕಳೆದುಕೊಂಡರೆ ಸೆಕೆಂಡ್ ಗೇರಿಗೆ ಇಳಿಯಬೇಕು. ಮತ್ತೆ ಎಳೆದು ಮೇಲೆತ್ತಲು ಮುಂದಿನ ತಿರುವಿನವರೆಗೂ ಒದ್ದಾಡಬೇಕು. ಹಿಂದಿನಿಂದ ಬರುವ ಆ ಉದ್ದ ಹಾರ್ನ್ ನಿಮ್ಮ ಮೇಲಿನ ದ್ವೇಷ ಅಲ್ಲ. 'ಗೇರ್ ಇಳಿಸೋ ಹಾಗೆ ಮಾಡಬೇಡ ಮಾರಾಯ' ಅಂತ ಅರ್ಥ. ನನ್ನ ಅನುಭವದಲ್ಲಿ ನಮ್ಮ ರಸ್ತೆಗಳಲ್ಲಿ ಸೈಕಲ್‌ನವರಿಗೆ ಅತಿ ಹೆಚ್ಚು ನಂಬಿಕೆ ಇಡಬಹುದಾದವರು ಈ ಬಸ್ ಡ್ರೈವರುಗಳೇ. ದಿನಾ ಅದೇ ಹೊತ್ತಿಗೆ, ಅದೇ ರಸ್ತೆಯಲ್ಲಿ ಬರುತ್ತಾರೆ. ಎರಡು ಸಲ ಜಾಗ ಬಿಟ್ಟುಕೊಟ್ಟರೆ ಮೂರನೇ ಸಲ ದೂರದಿಂದಲೇ ಒಂದು ಚಿಕ್ಕ ಹಾರ್ನ್ ಹಾಕಿ, ಕಾಯ್ದು, ಪಕ್ಕಕ್ಕೆ ಹೋಗುತ್ತಾರೆ. ಸ್ಟಾಂಡಿನಲ್ಲಿ ಸಿಕ್ಕರೆ 'ಅಣ್ಣ, ಏನು ಸಮಾಚಾರ' ಅಂತ ಮಾತಾಡಿಸಿ. ಇದಕ್ಕಿಂತ ಒಳ್ಳೆ ಇನ್ಶೂರೆನ್ಸ್ ಇಲ್ಲ.

ಮರದ ದಿಮ್ಮಿ ಹೇರಿದ ಲಾರಿ ಬೇರೆ ಜಾತಿ. ಅವನಿಗೆ ಸಿಟ್ಟು ಇಲ್ಲ, ಆದರೆ ಬ್ರೇಕೂ ಅಷ್ಟಕ್ಕಷ್ಟೇ. ಇಳಿಜಾರಿನಲ್ಲಿ ಅವನು ಕಡಿಮೆ ಗೇರಿನಲ್ಲಿ ಮೆಲ್ಲಗೆ ಇಳಿಯುತ್ತಾನೆ, ನಮಗೆ ಮುಂದೆ ಹೋಗುವ ಆಸೆ ಆಗುತ್ತದೆ. ಮುಂದೆ ಹೋಗಿ, ಆಮೇಲೆ ಹಸುವೋ ಹೊಂಡವೋ ಅಡ್ಡ ಬಂದು ನಾವು ನಿಂತರೆ, ಅವನು ನಿಲ್ಲಲಾರ. ಇಳಿಜಾರಿನಲ್ಲಿ ಲೋಡು ಲಾರಿಯ ಮುಂದೆ ಇರಲೇಬೇಡಿ. ಹಿಂದೆ ಇರಿ, ದೂರ ಇರಿ. ಮಾಕುಟ್ಟ ಕಡೆಯಿಂದ ಬರುವ ಕೇರಳದ ಡ್ರೈವರುಗಳಿಗೆ 'ಚೇಟಾ' (ಅಣ್ಣ) ಅಂದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಇನ್ನು ವಾರಾಂತ್ಯದ ಕಾರುಗಳು. ಇಲ್ಲಿ ಎಲ್ಲರ ಮುಖದಲ್ಲಿ ನಗು ಬಂತು, ನೋಡಿದೆ.

ಪ್ರವಾಸಿಗಳನ್ನು ಬೈಯುವುದು ನಮಗೆ ಸುಲಭ. ಆದರೆ ಅವನು ಎಲ್ಲಿಂದ ಬಂದ ಅಂತ ಸ್ವಲ್ಪ ಯೋಚನೆ ಮಾಡಿ. ಬೆಳಗಿನ ಜಾವ ಬೆಂಗಳೂರು ಬಿಟ್ಟಿರುತ್ತಾನೆ. ಮೈಸೂರಿನವರೆಗೆ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ. ಅದರ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಥರದ ವಾಹನಗಳಿಗೆ ಪ್ರವೇಶವೇ ಇಲ್ಲ. ಸೈಕಲ್ ಅಂತೂ ಕೇಳುವುದೇ ಬೇಡ. ನೂರು ಕಿ.ಮೀ.ಗೂ ಹೆಚ್ಚು ದೂರ ಅವನು ನಿಧಾನವಾದ ಯಾವ ವಾಹನವನ್ನೂ ನೋಡಿರುವುದಿಲ್ಲ. ಆಮೇಲೆ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ, ಕೊಪ್ಪದಲ್ಲಿ ಕಾವೇರಿ ಸೇತುವೆ ಹತ್ತಿದರೆ ನಮ್ಮ ಊರು. ತುಂಬಾ ಹೊತ್ತು ಜೋರಾಗಿ ಓಡಿಸಿ ಬಂದವನಿಗೆ 60 ಅನ್ನುವುದು ತೆವಳಿದ ಹಾಗೆ ಅನಿಸುತ್ತದೆ. ಮೀಟರ್ ನೋಡದಿದ್ದರೆ ತಾನು ನಿಧಾನ ಹೋಗುತ್ತಿದ್ದೇನೆ ಅಂತಲೇ ನಂಬಿರುತ್ತಾನೆ. ಅಂಥವನಿಗೆ ಆನೆಕಾಡು ದಾಟಿದ ಮೇಲೆ ತಿರುವಿನಲ್ಲಿ ಏಕಾಏಕಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಏರು ಹತ್ತುತ್ತಿರುವ ನೀವು ಸಿಗುತ್ತೀರಿ. ಅವನಿಗೆ ಮೊದಲು ಬರುವುದು ಹೆದರಿಕೆ. ಆ ಹೆದರಿಕೆಯೇ ಅರ್ಧ ಸೆಕೆಂಡಿನಲ್ಲಿ ಬೈಗುಳ ಆಗುತ್ತದೆ. ನಾನೂ ಜೀಪಿನಲ್ಲಿ ಕೂತಾಗ ಇದನ್ನು ಗಮನಿಸಿದ್ದೇನೆ. ಎದೆ ಧಸಕ್ ಅಂದ ಮೇಲೇ ಬಾಯಿ ತೆರೆಯುವುದು.

ನಂಬರ್ ಪ್ಲೇಟ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಕೆಎ 12 ನಮ್ಮವರು. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆ ತಂದು ತಾವೇ ಓಡಿಸುವ ಕಾರು. ಅವನಿಗೆ ರಸ್ತೆಯೂ ಹೊಸದು, ಕಾರೂ ಹೊಸದು. ಆ ಕಾರಿನ ಎಡಗಡೆ ಎಲ್ಲಿ ಮುಗಿಯುತ್ತದೆ ಅಂತಲೇ ಅವನಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಕನ್ನಡಿಯಲ್ಲಿ ಅಂಥ ಪ್ಲೇಟ್ ಕಂಡರೆ ನಾನು ಸುಮ್ನೆ ಮುಂದಿನ ತೋಟದ ಗೇಟಿನಲ್ಲಿ ನಿಂತುಬಿಡುತ್ತೇನೆ.

ಮಾಂದಲ್‌ಪಟ್ಟಿ ಕಡೆಯ ಬಾಡಿಗೆ ಜೀಪುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ರಿಪ್ ಲೆಕ್ಕದಲ್ಲಿ ದುಡಿಯುವವರು, ಒಂದು ಟ್ರಿಪ್ ಜಾಸ್ತಿ ಆದರೆ ಅಷ್ಟು ದುಡ್ಡು. ಸೀಸನ್ನಿನ ಶನಿವಾರ, ಭಾನುವಾರ ಆ ರಸ್ತೆಗೆ ಸೈಕಲ್ ತಗೊಂಡು ಹೋಗಬೇಡಿ. ಮಂಗಳವಾರ ಹೋಗಿ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಬೋರು ಹೊಡೆಸುವುದಿಲ್ಲ.

ಎರಡು ಲೇನಿನ ರಸ್ತೆ ಅಂದರೆ ಡಾಂಬರು 7 ಮೀಟರ್ ಅಗಲ. ನೀವು ಡಾಂಬರಿನ ಅಂಚಿನಿಂದ ಮುಕ್ಕಾಲು ಮೀಟರ್ ಒಳಗೆ ಚಕ್ರ ಇಟ್ಟು ಹೋಗುತ್ತಿದ್ದೀರಿ ಅನ್ನಿ. ಹ್ಯಾಂಡಲಿನ ಬಲತುದಿ ಇನ್ನೊಂದು 30 ಸೆಂ.ಮೀ. ಆಚೆ. ಅಲ್ಲಿಗೆ ಒಂದು ಮೀಟರ್ ಆಯಿತು. ಪಕ್ಕದಲ್ಲಿ ಹೋಗುವ ವಾಹನ ನಿಮ್ಮಿಂದ ಒಂದೂವರೆ ಮೀಟರ್ ದೂರ ಇರಬೇಕು. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ ಮೀಟರ್, ಊರಾಚೆ 2 ಮೀಟರ್ ಬಿಡಬೇಕು ಅಂತ ಕಾನೂನೇ ಇದೆ. ಈಗ ಎರಡೂವರೆ ಮೀಟರ್ ಆಯಿತು. ಬಸ್ಸಿನ ಅಗಲ ಸುಮಾರು ಎರಡೂವರೆ ಮೀಟರ್, ಕನ್ನಡಿ ಬಿಟ್ಟು. ಒಟ್ಟು 5 ಮೀಟರ್ ದಾಟಿತು. ಉಳಿದದ್ದು 2 ಮೀಟರಿಗೂ ಕಡಿಮೆ. ಎದುರಿನಿಂದ ಒಂದು ಸಣ್ಣ ಕಾರು ಬಂದರೂ ಅದಕ್ಕೆ ಜಾಗ ಇಲ್ಲ.

ಇದರ ಅರ್ಥ ಏನು? ಕುಶಾಲನಗರ, ಮಡಿಕೇರಿ ಮೂಲಕ ಹೋಗುವ ಹೆದ್ದಾರಿ 275ರಲ್ಲಿಯೇ ಎದುರಿನಿಂದ ವಾಹನ ಬರುವಾಗ ಬಸ್ಸು ನಿಮ್ಮನ್ನು ಸುರಕ್ಷಿತವಾಗಿ ದಾಟುವುದು ಸಾಧ್ಯವೇ ಇಲ್ಲ. ನೀವು ಎಷ್ಟೇ ಅಂಚಿಗೆ ಅಂಟಿಕೊಂಡರೂ ಅಷ್ಟೇ. ನಾಪೋಕ್ಲು, ಅಮ್ಮತ್ತಿ ಕಡೆಯ ಒಳರಸ್ತೆಗಳು ಇದಕ್ಕಿಂತ ಕಿರಿದು, ಅಲ್ಲಿ ಲೆಕ್ಕವೇ ಬೇಡ. ಹಾಗಾದರೆ ಅಂಚಿಗೆ ಹೋಗಿ ಏನು ಪ್ರಯೋಜನ? ಪ್ರಯೋಜನ ಇಲ್ಲ, ಅಪಾಯ ಇದೆ. ಅಂಚಿಗೆ ಹೋದಷ್ಟೂ ಡ್ರೈವರಿಗೆ 'ಜಾಗ ಇದೆ, ನುಗ್ಗಬಹುದು' ಅಂತ ಅನಿಸುತ್ತದೆ. ನುಗ್ಗಿದ ಮೇಲೆ ಎದುರಿನ ಕಾರು ಕಾಣುತ್ತದೆ. ಆಗ ಅವನು ಎಲ್ಲಿಗೆ ತಿರುಗಿಸುತ್ತಾನೆ ಹೇಳಿ? ಕಾರಿನ ಕಡೆಗಾ, ಸೈಕಲ್ ಕಡೆಗಾ?

ನಮ್ಮ ಕೊಡಗಿನಲ್ಲಿ ಆ ಅಂಚು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಮಳೆಗಾಲದಲ್ಲಿ ನೀರು ಹರಿದು ಡಾಂಬರಿನ ಪಕ್ಕದ ಮಣ್ಣು ಕೊಚ್ಚಿಹೋಗಿ ಅರ್ಧ ಅಡಿ ಇಳುಕಲು ಬಿದ್ದಿರುತ್ತದೆ. ಚಕ್ರ ಒಮ್ಮೆ ಅದಕ್ಕೆ ಇಳಿದರೆ ಮೇಲೆ ಹತ್ತಿಸುವಾಗ ಅಡ್ಡ ಬೀಳುವುದು ಗ್ಯಾರಂಟಿ, ಬೀಳುವುದೂ ರಸ್ತೆಯ ಒಳಗಡೆಗೆ. ನೆರಳಿನ ರಸ್ತೆಗಳಲ್ಲಿ ಅಂಚಿನುದ್ದಕ್ಕೂ ಹಸಿರು ಪಾಚಿ. ಜೂನ್ ಬಂದರೆ ಒಂದು ಗೇಣು ಅಗಲ ಇದ್ದದ್ದು ಆಗಸ್ಟಿಗೆ ಎರಡು ಗೇಣು ಆಗಿರುತ್ತದೆ. ಅದರ ಮೇಲೆ ಸಿಲ್ವರ್ ಓಕ್ ಎಲೆ. ಬ್ರೇಕ್ ಹಿಡಿದರೆ ಕತೆ ಮುಗಿಯಿತು. ಸಂಪಾಜೆ ಕಡೆ ಇಳಿಯುವವರು 2018ರ ಆಗಸ್ಟ್ ನೆನಪಿಡಿ. ಮದೆನಾಡು, ಜೋಡುಪಾಲದಲ್ಲಿ ಗುಡ್ಡ ಜರಿದು ರಸ್ತೆಯೇ ಹೋಗಿತ್ತು. ಆ ಘಾಟಿಯಲ್ಲಿ ಈಗಲೂ ನಾನು ಅಂಚನ್ನು ನಂಬುವುದಿಲ್ಲ.

ಹಾಗಾಗಿ ನಾನು ಹೋಗುವುದು ಎಡ ಲೇನಿನ ಮಧ್ಯಕ್ಕಿಂತ ಸ್ವಲ್ಪ ಎಡಕ್ಕೆ, ಕಾರುಗಳ ಎಡ ಚಕ್ರ ಉರುಳುವ ಗೆರೆಯಲ್ಲಿ. ಅಲ್ಲಿ ಡಾಂಬರು ಕ್ಲೀನ್ ಇರುತ್ತದೆ, ಪಾಚಿ ಹಿಡಿಯುವುದಿಲ್ಲ. ಕುರುಡು ತಿರುವು ಬಂದಾಗ, ಕಿರಿದಾದ ಸೇತುವೆ ಬಂದಾಗ, ಇನ್ನೂ ಒಳಗೆ ಬರುತ್ತೇನೆ. ಹಿಂದಿನವನಿಗೆ ದೂರದಿಂದಲೇ ಕಾಣಬೇಕು: ಈಗ ದಾಟಲು ಆಗುವುದಿಲ್ಲ, ಕಾಯಬೇಕು. ತಿರುವು ಮುಗಿದು ರಸ್ತೆ ಕಾಣಿಸಿದ ಕೂಡಲೇ ಎಡಕ್ಕೆ ಸರಿದು ದಾರಿ ಬಿಡುತ್ತೇನೆ. ಎರಡೂ ಕೂಡಿದರೇ ಅದು ಸರಿಯಾದ ಸವಾರಿ. ಬರೀ ಮೊದಲನೆಯದು ಮಾಡಿದರೆ ದಾದಾಗಿರಿ. ಬರೀ ಎರಡನೆಯದು ಮಾಡಿದರೆ ಒಂದು ದಿನ ಚರಂಡಿ.

ಹೀಗೆ ಒಳಗೆ ಬರುವ ಮೊದಲು ಒಂದು ಕೆಲಸ ಮಾಡಿ. ತಿರುಗಿ ನೋಡಿ. ಹ್ಯಾಂಡಲಿಗೆ ಬಲಗಡೆ ಒಂದು ಚಿಕ್ಕ ಕನ್ನಡಿ ಹಾಕಿಸಿಕೊಳ್ಳಿ, ಅದು ಬೇಕೇ ಬೇಕು. ಆದರೆ ಕನ್ನಡಿ ಇದ್ದರೂ ತಲೆ ತಿರುಗಿಸಿ ನೋಡಿ. ಕನ್ನಡಿ ನಿಮಗೆ ಅವನನ್ನು ತೋರಿಸುತ್ತದೆ. ತಲೆ ತಿರುಗಿಸಿದರೆ ಅವನಿಗೆ ನಿಮ್ಮ ಮುಖ ಕಾಣುತ್ತದೆ. ಅಲ್ಲಿಯವರೆಗೆ ಅವನ ಮುಂದೆ ಇದ್ದದ್ದು ಒಂದು ಬೆನ್ನು. ಮುಖ ಕಂಡ ಮೇಲೆ ಹೆಚ್ಚಿನವರ ಕಾಲು ಆಕ್ಸಿಲರೇಟರಿನಿಂದ ತಾನಾಗೇ ಮೇಲೇಳುತ್ತದೆ. ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇಂಜಿನಿನ ಸದ್ದೇ ಬದಲಾಗುತ್ತದೆ. ಆಮೇಲೆ ಬಲಗೈಯನ್ನು ಕೆಳಗೆ ಚಾಚಿ ಅಂಗೈ ಹಿಂದಕ್ಕೆ ತೋರಿಸಿ, 'ಸ್ವಲ್ಪ ತಡಿ' ಅನ್ನುವ ಹಾಗೆ. ದಾಟಿ ಹೋದ ಮೇಲೆ ಒಂದು ಕೈ ಎತ್ತಿ. ಥ್ಯಾಂಕ್ಸ್ ಅಂದ ಹಾಗೆ. ಖರ್ಚಿಲ್ಲದ ಕೆಲಸ ಅಲ್ವಾ.

ಒಂದು ಮಾತ್ರ ಮಾಡಬೇಡಿ. 'ಬಾ ಬಾ, ಹೋಗು' ಅಂತ ಕೈ ಬೀಸಿ ಕರೆಯಬೇಡಿ. ತುಂಬಾ ಜನ ಒಳ್ಳೆ ಮನಸ್ಸಿನಿಂದ ಹಾಗೆ ಮಾಡುತ್ತಾರೆ. ತಿರುವಿನಾಚೆ ಏನಿದೆ ಅಂತ ನಿಮಗೂ ಪೂರ್ತಿ ಕಾಣುವುದಿಲ್ಲ. ನಿಮ್ಮ ಕೈ ನಂಬಿ ಅವನು ಎದುರು ಲೇನಿಗೆ ಹೋಗಿ ಏನಾದರೂ ಆದರೆ? ದಾರಿ ಬಿಡಬೇಕಿದ್ದರೆ ನಿಂತು ಬಿಡಿ. ನಿರ್ಧಾರ ಅವನದೇ ಇರಲಿ.

ನಿಲ್ಲುವುದು ಸೋಲು ಅಂತ ಕೆಲವರಿಗೆ ಅನಿಸುತ್ತದೆ. ವಿಶೇಷವಾಗಿ ಮೊಬೈಲಿನಲ್ಲಿ ಟೈಮ್ ರೆಕಾರ್ಡ್ ಮಾಡುವವರಿಗೆ. ಏರಿನಲ್ಲಿ ನಿಮ್ಮ ಹಿಂದೆ ನಾಲ್ಕೈದು ವಾಹನ ಸೇರಿದವು ಅಂದರೆ ಮೊದಲನೆಯವನಿಗಿಂತ ಐದನೆಯವನ ಸಿಟ್ಟು ದೊಡ್ಡದು. ಅವನಿಗೆ ನೀವು ಕಾಣುವುದೇ ಇಲ್ಲ, ಯಾಕೆ ನಿಧಾನ ಅಂತಲೂ ಗೊತ್ತಿಲ್ಲ. ದಾರಿ ಸಿಕ್ಕ ಕೂಡಲೇ ಕಣ್ಣು ಮುಚ್ಚಿ ನುಗ್ಗುವವನು ಅವನೇ. ಅದಕ್ಕೆ ಸಾಲು ಬೆಳೆಯಲು ಬಿಡಬೇಡಿ. ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಒಂದು ದೊಡ್ಡ ಅನುಕೂಲ ಇದೆ. ಸ್ವಲ್ಪ ಸ್ವಲ್ಪ ದೂರಕ್ಕೆ ಒಂದು ತೋಟದ ಗೇಟು ಸಿಗುತ್ತದೆ. ಗೇಟಿನ ಮುಂದೆ ಜೀಪು ತಿರುಗುವಷ್ಟು ಜಾಗ ಇರುತ್ತದೆ, ಹೆಚ್ಚಿನ ಕಡೆ ಜಲ್ಲಿ ಹಾಕಿರುತ್ತಾರೆ. ಅಲ್ಲಿ ಒಂದು ಕಾಲು ಕೆಳಗಿಡಿ, ಒಂದು ಗುಟುಕು ನೀರು ಕುಡಿಯಿರಿ, ಎಲ್ಲರೂ ಹೋಗಲಿ. ತಿರುವಿನ ಒಳಮೈಯಲ್ಲಿ ಮಾತ್ರ ನಿಲ್ಲಬೇಡಿ. ಅಲ್ಲಿ ಲಾರಿಯ ಹಿಂದಿನ ಚಕ್ರ ಮುಂದಿನ ಚಕ್ರಕ್ಕಿಂತ ಒಳಗೆ ಕತ್ತರಿಸಿಕೊಂಡು ಬರುತ್ತದೆ.

ಇಳಿಜಾರಿನಲ್ಲಿ ಕತೆ ಬೇರೆ. ಅಲ್ಲಿ ನೀವೂ ಗಂಟೆಗೆ 40 ಕಿ.ಮೀ. ಹೋಗುತ್ತೀರಿ, ಕಾರಿಗೆ ಹೆಚ್ಚು ಕಡಿಮೆ ಸಮ. ಅಲ್ಲಿ ಲೇನಿನ ಮಧ್ಯವೇ ನಿಮ್ಮ ಜಾಗ. ಇನ್ನೊಂದು, ಕಿರಿದಾದ ಗುಡ್ಡದ ರಸ್ತೆಯಲ್ಲಿ ಇಬ್ಬರಿಗೆ ಜಾಗ ಇಲ್ಲದಿದ್ದರೆ ಏರು ಹತ್ತುವವನಿಗೆ ಇಳಿಯುವವನು ದಾರಿ ಬಿಡಬೇಕು. ಮೋಟಾರು ವಾಹನ ಚಾಲನೆಯ 2017ರ ನಿಯಮಾವಳಿಯಲ್ಲೂ ಇದೆ, ನಮ್ಮ ಹಳೇ ಡ್ರೈವರುಗಳ ಮರ್ಯಾದೆಯಲ್ಲೂ ಇದೆ. ಅದನ್ನು ನಾವೂ ಪಾಲಿಸಬೇಕು. ಇಳಿಯುವಾಗ ಎದುರಿನಿಂದ ಬಸ್ಸು ಒದ್ದಾಡಿಕೊಂಡು ಹತ್ತುತ್ತಿದ್ದರೆ ನೀವೇ ಬ್ರೇಕ್ ಹಿಡಿಯಿರಿ. ಮಳೆಯಲ್ಲಿ ರಿಮ್ ಬ್ರೇಕಿನವರು ಮೊದಲೇ ಮೆಲ್ಲಗೆ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳಿ, ಆಮೇಲೇ ಹಿಡಿತ ಸಿಗುವುದು.

ಕಾಣುವುದರ ಬಗ್ಗೆ ಎರಡು ಮಾತು. 60ರಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 17 ಮೀಟರಿನಷ್ಟು ಮುಂದೆ ಬರುತ್ತದೆ. ಡ್ರೈವರ್ ನಿಮ್ಮನ್ನು ನೋಡಿ, ಬ್ರೇಕಿಗೆ ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿದರೂ 25 ಮೀಟರ್ ಹೋಯಿತು. ಬ್ರೇಕ್ ಹತ್ತಿ ನಿಲ್ಲಲು ಒಣ ರಸ್ತೆಯಲ್ಲಿ ಇನ್ನೊಂದು 20 ಮೀಟರ್, ಒದ್ದೆ ಇದ್ದರೆ ಇನ್ನೂ ಜಾಸ್ತಿ. ನಮ್ಮ ತೋಟದ ನಡುವಿನ ರಸ್ತೆಗಳಲ್ಲಿ ಎಷ್ಟೋ ತಿರುವುಗಳಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ. ಸಂಜೆ ನಾಲ್ಕೂವರೆ, ಐದು ಗಂಟೆಗೆ ಜೀಪು ಓಡಿಸಿದರೆ ನಿಮಗೇ ಗೊತ್ತಾಗುತ್ತದೆ. ಒಂದು ಕಡೆ ಓರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಮುಂದಿನ ತಿರುವಿನಲ್ಲಿ ಮರದ ಕತ್ತಲೆ. ಕಣ್ಣು ಆ ಕತ್ತಲೆಗೆ ಹೊಂದಿಕೊಳ್ಳುವಷ್ಟರಲ್ಲಿ ಕಪ್ಪು ಜರ್ಕಿನ್ ಹಾಕಿದ ಸೈಕಲ್‌ನವನು ಬಾನೆಟ್ ಮುಂದೆ ಇರುತ್ತಾನೆ. ಡಿಸೆಂಬರಿನಿಂದ ಮಾರ್ಚಿನವರೆಗೆ, ಕಾಫಿ ಕೊಯ್ಲಿನ ದಿನಗಳಲ್ಲಿ, ಕೆಲಸದವರನ್ನು ಲೈನ್‌ಮನೆಗೆ ಬಿಡುವ ಎಲ್ಲ ಜೀಪುಗಳೂ ಅದೇ ಹೊತ್ತಿಗೆ ರಸ್ತೆಗೆ ಬರುತ್ತವೆ. ಹಳದಿ ಅಥವಾ ಕಿತ್ತಳೆ ಬಣ್ಣದ ಅಂಗಿ ಹಾಕಿ. ಹಿಂದೆ ಕೆಂಪು ದೀಪ ಹಗಲಲ್ಲೂ ಉರಿಯಲಿ. ಕೂಡಿಗೆ ಕಡೆಯ ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಸರ್ಕಾರ 2006-07ರಲ್ಲಿ ಶಾಲಾ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು, ನಿಮ್ಮ ಮನೆಯಲ್ಲಿ ಅಕ್ಕನದೋ ಅಣ್ಣನದೋ ಹಳೇ ಸೈಕಲ್ ಇದ್ದೇ ಇರುತ್ತದೆ. ಅದಕ್ಕೆ ಒಂದು ರಿಫ್ಲೆಕ್ಟರ್ ಸ್ಟಿಕ್ಕರ್ ಅಂಟಿಸಲು ಎಷ್ಟು ಹೊತ್ತು?

ಆನೆ ವಿಷಯ ಹೇಳದಿದ್ದರೆ ಇದು ಕೊಡಗಿನ ಭಾಷಣ ಆಗುವುದಿಲ್ಲ. ಒಮ್ಮೆ ಸಿದ್ದಾಪುರದ ಹತ್ತಿರ ಎದುರಿನಿಂದ ಬಂದ ಜೀಪಿನವನು ಒಂದೇ ಸಮ ಹಾರ್ನ್ ಹೊಡೆದು, ಲೈಟ್ ಹಾಕಿ, ಕೈ ಹೊರಗೆ ಹಾಕಿ ಕಿರುಚಿದ. ನನ್ನ ಜೊತೆ ಮೈಸೂರಿನಿಂದ ಬಂದ ಒಬ್ಬ ಗೆಳೆಯ ಇದ್ದ. ಅವನಿಗೆ ರೋಷ ಬಂತು, ತಿರುಗಿ ಬೈಯಲು ಬಾಯಿ ತೆರೆದ. 'ಆನೆ ಉಂಟು, ವಾಪಸ್ ಹೋಗಿ' ಅಂತ ಜೀಪಿನವನು ಹೇಳುತ್ತಿದ್ದದ್ದು. ಹಾಗಾಗಿ ಸಿದ್ದಾಪುರ, ತಿತಿಮತಿ, ಆನೆಕಾಡು ಕಡೆ ಯಾರಾದರೂ ಕಿರುಚಿದರೆ ಮೊದಲು ಏನು ಹೇಳುತ್ತಿದ್ದಾರೆ ಅಂತ ಕೇಳಿಸಿಕೊಳ್ಳಿ, ಆಮೇಲೆ ಬೇಕಾದರೆ ಸಿಟ್ಟು ಮಾಡಿಕೊಳ್ಳಿ. ಇನ್ನು ಕತ್ತಲಾದ ಮೇಲೆ ಆ ರಸ್ತೆಗಳಲ್ಲಿ ಡ್ರೈವರುಗಳು ಆನೆಗೆ ಹೆದರಿ ಜೋರಾಗಿ ಗಾಡಿ ಓಡಿಸುತ್ತಾರೆ. ನಿಮಗಾಗಿ ನಿಧಾನ ಮಾಡುತ್ತಾರೆ ಅಂತ ಕಾಯಬೇಡಿ. ಆ ಹೊತ್ತಿಗೆ ನೀವು ಮನೆಯಲ್ಲಿ ಇರಬೇಕು, ಅಷ್ಟೇ.

ಇಷ್ಟೆಲ್ಲ ಮಾಡಿದ ಮೇಲೂ ನಿಜವಾಗಿ ಕೆಟ್ಟವನು ಸಿಗುತ್ತಾನೆ. ಬೇಕಂತಲೇ ಮೈಗೆ ಉಜ್ಜಿಕೊಂಡು ಹೋಗುವವನು, ಮುಂದೆ ಹೋಗಿ ಗಕ್ಕನೆ ಬ್ರೇಕ್ ಹಾಕುವವನು, ಕಿಟಕಿಯಿಂದ ಬಾಟಲಿ ಎಸೆಯುವವನು. ಕಡಿಮೆ, ಆದರೆ ಇದ್ದಾರೆ. ಹಾರ್ನಿನಿಂದಲೇ ಗೊತ್ತಾಗುತ್ತದೆ. ದೂರದಿಂದ ಬರುವ ಎರಡು ಚಿಕ್ಕ ಹಾರ್ನ್ 'ಬರ್ತಾ ಇದ್ದೇನೆ' ಅಂತ. ತಿರುವಿನಲ್ಲಿ ಹಾಕಿದ್ದು ಎದುರಿನವನಿಗೆ, ನಿಮಗಲ್ಲ. ನಿಮ್ಮ ಪಕ್ಕಕ್ಕೆ ಬಂದ ಮೇಲೂ ಒತ್ತಿ ಹಿಡಿದ ಹಾರ್ನ್ ಇದೆಯಲ್ಲ, ಅದು ಮಾತ್ರ ಬೈಗುಳ.

ಆಗ ಏನು ಮಾಡಬೇಕು? ಎರಡೂ ಕೈ ಹ್ಯಾಂಡಲ್ ಮೇಲೇ ಇರಲಿ. ನೇರ ಗೆರೆ ಬಿಡಬೇಡಿ. ಬೆರಳು ತೋರಿಸಬೇಡಿ, ಕಾರಿಗೆ ತಟ್ಟಬೇಡಿ. ಕಾರಿಗೆ ತಟ್ಟಿದರೆ ಅವನ ಮಗುವಿಗೆ ಹೊಡೆದ ಹಾಗೆ ಆಡುತ್ತಾನೆ. ಮಾತಿಗೆ ಮಾತು ಕೊಡಬೇಡಿ. ನಿಮ್ಮ ಸೈಕಲ್ 12 ಕಿಲೋ, ಅವನ ಗಾಡಿ ಒಂದೂವರೆ ಟನ್, ಸಿಟ್ಟಿನಲ್ಲಿ ಇರುವವನು ಅವನು. ಬ್ರೇಕ್ ಹಿಡಿದು ಅವನನ್ನು ಮುಂದೆ ಬಿಡಿ. ಅವನು ಮುಂದೆ ಹೋಗಿ ನಿಂತು ಇಳಿದ ಅಂದರೆ ಸೈಕಲ್ ತಿರುಗಿಸಿ ಬಂದ ದಾರಿಯಲ್ಲೇ ಹೋಗಿ. ನಮ್ಮ ರಸ್ತೆಯಲ್ಲಿ ಕಾರು ತಿರುಗಿಸುವುದು ಸುಲಭ ಅಲ್ಲ, ಸೈಕಲಿಗೆ ಎರಡು ಸೆಕೆಂಡ್ ಸಾಕು. ಹತ್ತಿರದ ಅಂಗಡಿಯೋ, ಬಸ್ ಶೆಲ್ಟರೋ, ತೋಟದ ಆಫೀಸೋ, ಜನ ಇರುವ ಕಡೆ ಹೋಗಿ ನಿಲ್ಲಿ. ಹೋಗುತ್ತಾ ಅವನ ನಂಬರನ್ನು ಬಾಯಿಬಿಟ್ಟು ಜೋರಾಗಿ ಹೇಳಿಕೊಳ್ಳಿ. ಮನಸ್ಸಿನಲ್ಲಿ ಇಟ್ಟುಕೊಂಡದ್ದು ಗಾಬರಿಯಲ್ಲಿ ಮರೆತುಹೋಗುತ್ತದೆ, ಬಾಯಲ್ಲಿ ಹೇಳಿದ್ದು ಉಳಿಯುತ್ತದೆ. ಪೆಟ್ಟಾಗಿದ್ದರೆ, ಬೆನ್ನಟ್ಟಿ ಬಂದರೆ, 112ಕ್ಕೆ ಫೋನ್ ಮಾಡಿ.

ಇಲ್ಲಿಂದ ಮುಂದೆ ನೀವು ಕೇಳಿದ ಪ್ರಶ್ನೆಗಳು.

ಮುಂದಿನ ಸಾಲಿನ ಒಬ್ಬರು ಕೇಳಿದರು: ಕಂಪ್ಲೇಂಟ್ ಕೊಟ್ಟರೆ ಏನಾದರೂ ಆಗುತ್ತಾ?

ಕಾನೂನು ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಪ್ರಕಾರ ಜನರ ಜೀವಕ್ಕೆ ಅಪಾಯ ಆಗುವ ಹಾಗೆ ಗಾಡಿ ಓಡಿಸಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಮೊದಲ ತಪ್ಪಿಗೇ 1,000ದಿಂದ 5,000 ರೂಪಾಯಿವರೆಗೆ ದಂಡ ಇದೆ, ಜೈಲೂ ಇದೆ. ಇನ್ನೊಂದು ಕಡೆ ವ್ಯವಹಾರ ಹೇಗಿರುತ್ತದೆ ಅಂತಲೂ ಹೇಳಬೇಕು. 'ಪೆಟ್ಟಾಗಿದೆಯಾ? ಇಲ್ವಾ? ಹಾಗಾದರೆ ಬಿಡಿ ಸಾರ್' ಅನ್ನುವ ಉತ್ತರ ನನಗೇ ಸಿಕ್ಕಿದೆ. ವಿಡಿಯೋ ಇದ್ದರೆ ಅದೇ ಟೇಬಲಿನ ಮುಂದೆ ಕುರ್ಚಿ ಎಳೆದು ಕೂರಿಸುತ್ತಾರೆ. ಹಾಗಾಗಿ ದಿನಾ ಹೆದ್ದಾರಿಯಲ್ಲಿ ಹೋಗುವವರು ಒಂದು ಚಿಕ್ಕ ಕ್ಯಾಮೆರಾ ಹಾಕಿಕೊಳ್ಳುವುದು ಒಳ್ಳೆಯದು. ವಿಡಿಯೋವನ್ನು ಠಾಣೆಗೆ ಕೊಡಿ. ವಾಟ್ಸಾಪ್ ಗ್ರೂಪಿಗೆ ಹಾಕಿ ಊರೆಲ್ಲ ಮೆರವಣಿಗೆ ಮಾಡಬೇಡಿ. ಕೆಎ 12 ಗಾಡಿ ಆಗಿದ್ದರೆ ನಾಳೆ ಅವನು ನಿಮ್ಮ ದೊಡ್ಡಪ್ಪನ ಮನೆಯ ಮದುವೆಯಲ್ಲಿ ಪಕ್ಕದ ಎಲೆಗೆ ಕೂತಿರುತ್ತಾನೆ. ಅಂಥವನ ಹತ್ತಿರ ಯಾರಾದರೂ ಹಿರಿಯರನ್ನು ಕರೆದುಕೊಂಡು ಹೋಗಿ, ಸಂಜೆ ಹೊತ್ತು, ಅವನ ಸಿಟ್ಟೂ ನಿಮ್ಮ ಸಿಟ್ಟೂ ಇಳಿದ ಮೇಲೆ ಮಾತಾಡಿದರೆ ಕೆಲಸ ಆಗುತ್ತದೆ. ಇದು ಸಣ್ಣ ಜಿಲ್ಲೆಯ ಸೌಲಭ್ಯ, ಬೆಂಗಳೂರಿನವರಿಗೆ ಇಲ್ಲ.

ಒಬ್ಬಳು ಹುಡುಗಿ ಎದ್ದು ಕೇಳಿದಳು: ಬೈಯುವುದಿಲ್ಲ ಸಾರ್, ಪಕ್ಕದಲ್ಲೇ ನಿಧಾನಕ್ಕೆ ಬರುತ್ತಾ ಏನೇನೋ ಹೇಳುತ್ತಾರೆ. ಅದಕ್ಕೆ ಏನು ಮಾಡೋದು?

ಇದು ರಸ್ತೆಯ ಜಗಳ ಅಲ್ಲ, ಇಲ್ಲಿ ಅವನ ಕಷ್ಟ ಅರ್ಥ ಮಾಡಿಕೊಳ್ಳುವ ಅಗತ್ಯವೇ ಇಲ್ಲ. ನಾನು ಮೊದಲು ಹೇಳಿದ ತಾಳ್ಮೆಯ ಮಾತು ಇದಕ್ಕೆ ಸೇರಿಸಬೇಡಮ್ಮ. ನಿಂತು, ತಿರುಗಿ, ಹಿಂದಕ್ಕೆ ಹೋಗು. ಮೊದಲು ಸಿಕ್ಕ ಮನೆಗೋ ಅಂಗಡಿಗೋ ನುಗ್ಗಿ ಜೋರಾಗಿ ಹೇಳು, ನಾಚಿಕೆ ಪಡಬೇಡ. ನಂಬರ್ ಕೊಟ್ಟು 112ಕ್ಕೆ ಫೋನ್ ಮಾಡು. ನ್ಯಾಯ ಸಂಹಿತೆಯ 79ನೇ ಕಲಂ ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ಮಾತು, ಸನ್ನೆಗಳಿಗೇ ಇರುವುದು, ಅದರಲ್ಲಿ 3 ವರ್ಷದವರೆಗೆ ಶಿಕ್ಷೆ ಇದೆ. ನೀನು ಹೋಗುವ ದಾರಿ ಬದಲಿಸಬೇಕು, ಸೈಕಲ್ ಬಿಡಬೇಕು ಅಂತ ಯಾರಾದರೂ ಬುದ್ಧಿ ಹೇಳಿದರೆ ನನ್ನ ಹತ್ತಿರ ಕಳಿಸು. ಆದರೆ ಕೆಲವು ದಿನ ಇಬ್ಬರು ಮೂವರು ಜೊತೆಯಾಗಿ ಹೋಗಿ. ಅಲ್ಲಿ ಕೂತಿರುವ ನಿಮ್ಮ ಕಾಲೇಜಿನ ಹುಡುಗರೂ ಇದನ್ನು ಕೇಳಿಸಿಕೊಂಡರು ಅಂತ ಅಂದುಕೊಂಡಿದ್ದೇನೆ.

ಮತ್ತೊಬ್ಬರು ಜೊತೆ ಜೊತೆಯಾಗಿ ಇಬ್ಬಿಬ್ಬರು ಹೋಗಬಹುದಾ ಅಂತ ಕೇಳಿದರು. ನಮ್ಮ ರಸ್ತೆಗಳಲ್ಲಿ ಬೇಡ. ಭಾನುವಾರ ಕೆಲವು ಗುಂಪುಗಳು ರಸ್ತೆ ತುಂಬಾ ಹರಡಿ, ಸೆಲ್ಫಿ ತೆಗೆಯುತ್ತಾ ಹೋಗುವುದನ್ನು ನೋಡಿದ್ದೇನೆ. ಅವರ ಮೇಲಿನ ಸಿಟ್ಟನ್ನು ಡ್ರೈವರುಗಳು ಸೋಮವಾರ ಹಾಲು ಹಾಕಲು ಹೋಗುವ ಸೈಕಲ್‌ನವನ ಮೇಲೆ ತೀರಿಸಿಕೊಳ್ಳುತ್ತಾರೆ.

ಮಡಿಕೇರಿ ಪೇಟೆಯೊಳಗೆ ಹೇಗೆ ಅಂತ ಕೇಳಿದವರಿಗೆ ಒಂದೇ ಮಾತು. ತಿಮ್ಮಯ್ಯ ಸರ್ಕಲ್ ಹತ್ತಿರ, ಬಸ್ ಸ್ಟಾಂಡ್ ಹತ್ತಿರ ಟ್ರಾಫಿಕ್ ನಿಂತಿದ್ದಾಗ ಬಸ್ಸು, ಲಾರಿಗಳ ಎಡಗಡೆ ನುಸುಳಿಕೊಂಡು ಹೋಗಬೇಡಿ. ಮುಂದಿನ ಎಡ ಚಕ್ರದ ಪಕ್ಕ ನೀವಿದ್ದರೆ ಎತ್ತರದಲ್ಲಿ ಕೂತ ಡ್ರೈವರಿಗೆ ಕಾಣುವುದೇ ಇಲ್ಲ. ಅಲ್ಲಿ ನಿಮಗೆ ತಾಗಿದರೆ ಅವನಿಗೆ ನಿಮ್ಮ ಮೇಲೆ ಯಾವ ಸಿಟ್ಟೂ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಕೊನೆಗೆ ಬಾಗಿಲ ಹತ್ತಿರ ಕೂತಿದ್ದ ಹಿರಿಯ ಬಸ್ ಡ್ರೈವರ್ ಒಬ್ಬರು ಮಾತಾಡಿದರು. ಅವರು ಹೇಳಿದ್ದನ್ನು ಹಾಗೇ ಹಾಕುತ್ತಿದ್ದೇನೆ: "ನೀವು ಮಧ್ಯದಲ್ಲಿ ಹೋಗಿ, ಬದಿಯಲ್ಲಿ ಹೋಗಿ, ನನಗೆ ಏನೂ ಬೇಜಾರಿಲ್ಲ. ಒಂದೇ ಕಡೆ ಹೋಗಿ. ಹೊಂಡ ಬಂತು ಅಂತ ಗಬಕ್ಕನೆ ಬಲಕ್ಕೆ ಬರ್ತೀರಲ್ಲ, ಅದು ಬೇಡ. ಮತ್ತೆ ಆ ಹಿಂದಿನ ದೀಪ. ರಾತ್ರಿ ಹೊತ್ತು ಪಕಪಕ ಅಂತ ಹೊಡೀತದೆ, ಎಷ್ಟು ದೂರ ಇದ್ದೀರಿ ಅಂತಲೇ ಲೆಕ್ಕ ಸಿಗೋದಿಲ್ಲ."

ಎರಡೂ ಸರಿ. ಹೊಂಡವನ್ನು ಇಪ್ಪತ್ತು ಮೀಟರ್ ಮೊದಲೇ ನೋಡಿ, ತಿರುಗಿ ನೋಡಿ, ಮೆಲ್ಲಗೆ ಸರಿಯಿರಿ. ಆಗದಿದ್ದರೆ ಹೊಂಡಕ್ಕೇ ಇಳಿಸಿ, ರಿಮ್ ಹೋದರೆ ಹೋಗಲಿ. ದೀಪ ಹಗಲಲ್ಲಿ ಮಿನುಗಲಿ, ಕತ್ತಲಾದ ಮೇಲೆ ಮಿನುಗದೆ ಸುಮ್ನೆ ಉರಿಯಲಿ, ಸ್ವಲ್ಪ ನೆಲದ ಕಡೆ ಬಾಗಿಸಿ ಹಾಕಿ. ಅವರು ತಮ್ಮ ಬಸ್ಸನ್ನು ಹೊರಗೇ ನಿಲ್ಲಿಸಿದ್ದಾರೆ. ಚಹಾ ಆದ ಮೇಲೆ ಒಬ್ಬೊಬ್ಬರಾಗಿ ಡ್ರೈವರ್ ಸೀಟಿನಲ್ಲಿ ಕೂತು ಎಡಗಡೆ ಕನ್ನಡಿಯಲ್ಲಿ ಸೈಕಲ್ ಎಲ್ಲಿ ಮಾಯ ಆಗುತ್ತದೆ ಅಂತ ನೋಡಬಹುದು ಅಂತ ಹೇಳಿದ್ದಾರೆ. ನೋಡದೆ ಯಾರೂ ಮನೆಗೆ ಹೋಗಬೇಡಿ.